ಅಡ್ಡಿಲ್ಲ ಎಂದ ಸೇಸಕ್ಕ, ಬರೆದುಕೊಂಡ ಕೋರ್ಟು

ಮೊನ್ನೆ ಅಡುಗೆಮನೆಯಿಂದ ತುಪ್ಪದ ಪರಿಮಳ ಬಂತು ನೋಡಿ, ಓದುತ್ತಿದ್ದ ಪೇಪರು ತಾನಾಗಿ ಕೆಳಗಿಳಿಯಿತು. ಮೈಸೂರಿನಿಂದ ಬಂದ ಹೊಸ ಸೊಸೆ ಬಾಳೆಹಣ್ಣಿನ ಹಲ್ವ ಮಾಡಿ ತಂದು, "ಹೇಗಿದೆ ಮಾವ?" ಎಂದು ಕೇಳಿದಳು. ಬಾಯಲ್ಲಿಟ್ಟರೆ ಕರಗುವಂಥ ಹಲ್ವ. ನಾನು ಸಂತೋಷದಿಂದಲೇ "ಅಡ್ಡಿಲ್ಲ" ಎಂದೆ. ಹುಡುಗಿಯ ಮುಖ ಬಾಡಿಹೋಯಿತು! ನಮ್ಮ ಕಡೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲವೆಂದು ಅವಳಿಗೆ ಯಾರು ಹೇಳಬೇಕು? "ಕೂತುಕೋ ಮಾರಾಯ್ತಿ, ಈ ಒಂದು ಮಾತಿನಿಂದ ಒಬ್ಬರು ಜಡ್ಜರೇ ಆಗಿದ್ದಾರೆ" ಎಂದೆ. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಬಂಟ್ವಾಳದ ಜಿನ್ನಪ್ಪ ವಕೀಲರ ಹತ್ತಿರ ನಾನಾಗ ಜೂನಿಯರ್. ಜೂನಿಯರ್ ಎಂದರೆ ಮತ್ತೇನಲ್ಲ, ಮೂಡುಬಿದಿರೆಯಿಂದ ಬಸ್ಸಿನಲ್ಲಿ ನೇತಾಡಿಕೊಂಡು ಬಂದು ಮುದ್ದೆಯಾದ ಒಂದು ಕರಿ ಕೋಟು, ವಾಯಿದೆ ಕೇಳುವುದಕ್ಕೆ ಮಾತ್ರ ತೆರೆಯುವ ಒಂದು ಬಾಯಿ. ವಕೀಲರು ವೇಣೂರಿನ ಕಡೆಯವರು. ಎದುರಿನವರು ವಾದಿಸುವಷ್ಟು ಹೊತ್ತೂ ದವಡೆಯಲ್ಲಿ ಏಲಕ್ಕಿ ಇಟ್ಟುಕೊಂಡು ಜಗಿಯುತ್ತಿದ್ದರು. ಜಗಿಯುವುದು ನಿಂತಿತೋ, ನಾನು ಫೈಲು ಬಿಚ್ಚಿ ಮುಂದಿಡಬೇಕು. ಇನ್ನೇನು ಎದ್ದು ನಿಲ್ಲುತ್ತಾರೆ ಎಂದೇ ಅರ್ಥ.

ನಮ್ಮ ಜಿಲ್ಲೆ ಮದ್ರಾಸಿನ ಕೈಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಘಟ್ಟದ ಮೇಲಿನಿಂದ ಒಬ್ಬರು ಮುನ್ಸಿಫರು ಬಂದಿದ್ದರು. ಒಳ್ಳೆಯವರು, ಆದರೆ ತುಳು ಬಾರದು, ನಮ್ಮ ಕನ್ನಡವೂ ಅಷ್ಟಕ್ಕಷ್ಟೆ. ಅವರ ಮುಂದೆ ಬಂತು ಬೆಳ್ತಂಗಡಿ ಕಡೆಯ ಸೇಸಕ್ಕನ ದಾವೆ. ಗಂಡನಿಲ್ಲದ ಹೆಂಗಸು. ಬಾವಿಗೆ ಹೋಗುವ ಅವಳ ಕಾಲುದಾರಿ ನೆರೆಯ ಬಾಬಣ್ಣನ ಜಾಗದಲ್ಲಿ ಹಾದುಹೋಗುತ್ತಿತ್ತು. ಬಾಬಣ್ಣ ಜಾಗದ ಸುತ್ತ ಮುರಕಲ್ಲಿನ ಗೋಡೆ, ನಮ್ಮ ಮಾತಿನಲ್ಲಿ ಪಾಗಾರ, ಕಟ್ಟಿಸಿ, ಕೊನೆಗೆ ದಾರಿಯನ್ನೇ ಮುಚ್ಚಿಬಿಟ್ಟ. ಬಾವಿ ಕಣ್ಣೆದುರೇ ಉಂಟು, ಹೋಗಲಿಕ್ಕಿಲ್ಲ! ಕೊಡ ಹೊತ್ತು ಗುಡ್ಡ ಸುತ್ತಬೇಕು.

ಸೇಸಕ್ಕ ಸಾಕ್ಷಿಕಟ್ಟೆಯಲ್ಲಿ ನಿಂತಾಗ ಎದುರಿನ ವಕೀಲರು ಕೇಳಿದರು: "ಪಾಗಾರ ಕಟ್ಟುವಾಗ ಬಾಬಣ್ಣ ನಿಮ್ಮ ಹತ್ತಿರ, ಹೇಗುಂಟು ಅಂತ ಕೇಳಿದ್ದು ಹೌದಾ? ನೀವು ಏನು ಹೇಳಿದಿರಿ?"

ಸುಳ್ಳು ಹೇಳಿ ಗೊತ್ತಿಲ್ಲದ ಹೆಂಗಸು. "ಅಡ್ಡಿ ಇಜ್ಜಿ ಪಂಡೆ" ಎಂದಳು ತುಳುವಿನಲ್ಲಿ. ಗುಮಾಸ್ತರು ಅದನ್ನು "ಅಡ್ಡಿಯಿಲ್ಲ ಅಂದೆ" ಎಂದು ಕನ್ನಡ ಮಾಡಿದರು. ಮುನ್ಸಿಫರು ಇಂಗ್ಲಿಷಿನಲ್ಲಿ "ನೋ ಅಬ್ಜೆಕ್ಷನ್" ಎಂದು ಬರೆದೇಬಿಟ್ಟರು! ಕಲ್ಲಿನ ಕೆಲಸ ಚೆನ್ನಾಗಿದೆ ಎಂದ ಪಾಪದವಳು, ದಾರಿ ಮುಚ್ಚಲು ಒಪ್ಪಿಗೆ ಕೊಟ್ಟವಳಾದಳು. ಪಕ್ಕಕ್ಕೆ ನೋಡುತ್ತೇನೆ, ಏಲಕ್ಕಿ ಜಗಿಯುವುದು ನಿಂತಿದೆ.

ಆಮೇಲೆ ಬಾಬಣ್ಣ ಕಟ್ಟೆ ಹತ್ತಿದ. ನಮ್ಮ ವಕೀಲರು ಪಾಗಾರದ ಸುದ್ದಿಯೇ ಎತ್ತಲಿಲ್ಲ.

"ಮಗಳನ್ನು ನೋಡ್ಲಿಕ್ಕೆ ಗಂಡಿನವರು ಬಂದಿದ್ದರಂತಲ್ಲ ಬಾಬಣ್ಣ, ಹುಡುಗ ಹೇಗೆ?"

ಎದುರಿನ ವಕೀಲರು ಆಕ್ಷೇಪಕ್ಕೆ ಏಳುವಷ್ಟರಲ್ಲಿ ಉತ್ತರ ಬಂದೇಬಿಟ್ಟಿತು.

"ಅಡ್ಡಿಲ್ಲ."

"ಹಾಗಾದರೆ ಮದುವೆಗೆ ನಿಮ್ಮ ಒಪ್ಪಿಗೆ ಆಯಿತು! ಸ್ವಾಮಿಗಳು ಬರೆದುಕೊಳ್ಳಬೇಕು."

"ಅಯ್ಯೋ ದೇವರೇ!" ಬಾಬಣ್ಣ ಕಟಕಟೆ ಹಿಡಿದುಕೊಂಡ. "ಹುಡುಗ ಅಡ್ಡಿಲ್ಲ ಅಂದದ್ದು ಮಾರಾಯ್ರೆ, ಮಗಳನ್ನು ಕೊಡ್ತೇನೆ ಅಂತ ಎಲ್ಲಿ ಹೇಳಿದೆ?"

ಕೋರ್ಟು ಘೊಳ್ಳೆಂದಿತು. ಮುನ್ಸಿಫರು ಪೆನ್ನು ಕೆಳಗಿಟ್ಟು, "ಹಾಗಾದ್ರೆ ಸೇಸಮ್ಮ ಹೇಳಿದ್ದೂ ಅಷ್ಟೇನಾ?" ಎಂದರು. "ಅಷ್ಟೇ ಸ್ವಾಮಿ" ಎಂದು ಬಾಬಣ್ಣನ ಬಾಯಿಂದ ಜಾರಿಹೋಯಿತು. ಎಂಥ ಗಳಿಗೆ ಅದು! ಖುಷಿಗೆ ನಾನು ಕೋಟಿನ ಗುಂಡಿಯನ್ನೇ ಕಿತ್ತುಕೊಂಡಿದ್ದೆ. ದಾರಿ ಬಿಡಬೇಕೆಂದು ತೀರ್ಪಾಯಿತು. ಆ ದಿನ ಹೊರಗೆ ಬಂದು ವಕೀಲರು ಬೀಗುತ್ತ, "ಹೇಗಿತ್ತು ಸೇಸಕ್ಕ, ನನ್ನ ಪಾಟೀಸವಾಲು?" ಎಂದರೆ, ಅವಳು "ಅಡ್ಡಿ ಇಜ್ಜಿ" ಎಂದು ಕೊಡೆ ಬಿಡಿಸಿ ನಡೆದಳು.

"ನೀವು ಪೀಠದ ಈ ಕಡೆ ಕೂರಬೇಕಾದವರು" ಎಂದು ಅದೇ ಮುನ್ಸಿಫರು ನಮ್ಮ ವಕೀಲರ ಬೆನ್ನು ಹತ್ತಿ ಅರ್ಜಿ ಹಾಕಿಸಿದರು. ಜಿನ್ನಪ್ಪ ವಕೀಲರೂ ಮುನ್ಸಿಫರಾದರು, ಘಟ್ಟದ ಮೇಲಕ್ಕೆ ಹಾಕಿದರು. ಬಸ್ಸು ಹತ್ತುವಾಗ ಆ ಗಟ್ಟಿ ಮನುಷ್ಯ ನನ್ನ ಕೈ ಹಿಡಿದು, "ಅಲ್ಲಿಯವರ ಮಾತು ನನಗೆ ತಪ್ಪಿ ಅರ್ಥವಾದರೆ, ಯಾವ ಸೇಸಕ್ಕನ ದಾರಿ ಮುಚ್ಚಿಹೋಗ್ತದೋ ಮಾರಾಯ!" ಎಂದರು. ಹೆದರಿದ್ದರು.

ಕೆಲವು ವರ್ಷ ಕಳೆದು, ನೋಡಿಬರುವ ಎಂದು ಅವರ ಕೋರ್ಟಿಗೆ ಹೋದೆ. ಒಬ್ಬ ರೈತ ಸಾಕ್ಷಿ ಹೇಳುತ್ತಿದ್ದ: "ಗದ್ದೆ ಕೊಡು ಅಂದ್ರು. ಆಯ್ತು, ನೋಡೋಣ ಅಂದೆ." ಬರೆಯುತ್ತಿದ್ದ ಜಿನ್ನಪ್ಪನವರ ಪೆನ್ನು ನಿಂತಿತು.

"ನಿಮ್ಮ ಕಡೆ ಹಾಗಂದರೆ ಹೌದು ಅಂತಲೋ, ಅಲ್ಲ ಅಂತಲೋ?"

"ಅಲ್ಲ ಅಂತ್ಲೇ ಬುದ್ಧಿ!"

ಹಿಂದಿನ ಬೆಂಚಿನಲ್ಲಿ ನಾನು ಚಪ್ಪಾಳೆ ತಟ್ಟಿಬಿಟ್ಟೆ! ದಫೇದಾರ ನುಂಗುವ ಹಾಗೆ ನೋಡಿದ. ಜಡ್ಜರು ತಲೆ ಎತ್ತಲಿಲ್ಲ, ಆದರೆ ನಗು ತಡೆದುಕೊಂಡದ್ದು ನನಗೆ ಕಂಡಿತು.

ಕತೆ ಮುಗಿಯುವಾಗ ಹಲ್ವ ತಣ್ಣಗಾಗಿತ್ತು. ಸೊಸೆ ಎದ್ದು, "ಇನ್ನೊಂದು ತುಂಡು ಹಾಕ್ಲಾ ಮಾವ?" ಎಂದಳು.

"ಅಡ್ಡಿಲ್ಲ" ಎಂದೆ, ಬಾಯಿ ಅಭ್ಯಾಸ ನೋಡಿ.

ಅವಳ ಚಮಚ ಗಾಳಿಯಲ್ಲೇ ನಿಂತಿತು. "ನಿಮ್ಮ ಕಡೆ ಹಾಗಂದ್ರೆ ಹೌದು ಅಂತಲೋ, ಅಲ್ಲ ಅಂತಲೋ?"

ನನಗೆ ಕಣ್ಣು ತುಂಬಿ ಬಂತು, ನಗುವೂ ಬಂತು. "ಹೌದು ಅಂತ ಮಗಳೇ. ತುಂಬ, ತುಂಬ ಚೆನ್ನಾಗಿದೆ" ಎಂದೆ.

"ಹಾಗೆ ಬಾಯಿ ಬಿಟ್ಟು ಹೇಳಿ!" ಎಂದು ಎರಡು ತುಂಡು ಹಾಕಿದಳು.