ಬೋರಲು ಬಿದ್ದಿದ್ದ ವೀರಗಲ್ಲು

ಮೊನ್ನೆ ಮಗಳ ಜೊತೆ ಯಲಹಂಕದಿಂದ ಹೊರಟು, ಹಳೆಯ ರಣರಂಗವೊಂದರಲ್ಲಿ ಕಟ್ಟಿರುವ ಮ್ಯೂಸಿಯಂ ನೋಡಿ ಬಂದೆ. ಕತ್ತಲೆ ಕೋಣೆಯ ಸುತ್ತಲೂ ಯುದ್ಧ ತೋರಿಸುವ ಪರದೆ, ಫಿರಂಗಿ ಸದ್ದಿಗೆ ನಡುಗುವ ನೆಲ. ಅದ್ಯಾವುದೂ ನನ್ನನ್ನು ಅಲುಗಾಡಿಸಲಿಲ್ಲ. ಕೊನೆಯಲ್ಲಿ ದೀಪದಡಿ ನಿಲ್ಲಿಸಿದ್ದ ವೀರಗಲ್ಲಿನ ಮುಂದೆ ಮಾತ್ರ ಕಾಲು ನಿಂತುಬಿಟ್ಟಿತು.

ನಾನು ಚಿಕ್ಕವಳಿದ್ದಾಗ, ನಮ್ಮೂರು ಕೋಗಿಲಿನಲ್ಲಿ ಮನೆಯ ಬಾವಿಯ ಪಕ್ಕ ಇಂಥದ್ದೇ ಕಲ್ಲು ಬೋರಲು ಬಿದ್ದಿತ್ತು. ಕತ್ತಿ ಹಿಡಿದ ವೀರನ ಮುಖ ಮಣ್ಣಿನಲ್ಲಿ. ಅವನ ಬೆನ್ನ ಮೇಲೆ ಅಜ್ಜಿ ಮನೆಮಂದಿಯ ಬಟ್ಟೆ ಒಗೆಯುತ್ತಿದ್ದಳು.

ಮಿಲಿಟರಿಯಲ್ಲಿದ್ದ ಚಿಕ್ಕಪ್ಪ ಗಡಿಯಲ್ಲಿ ತೀರಿಕೊಂಡ ಮೇಲೆ ಅವರ ಟ್ರಂಕು ಮನೆಗೆ ಬಂತು. ಅಜ್ಜಿ ಯೂನಿಫಾರ್ಮಿಗೆ ಸೋಪು ಹಚ್ಚಿದಳು. ಒಗೆಯಲು ಎತ್ತಿದ ಕೈಯನ್ನು ಹಾಗೇ ಇಳಿಸಿದಳು.

"ಇವ್ನೂ ಯಾರ್ದೋ ಮಗ ಅಲ್ವೇನಮ್ಮ? ಬೆನ್ ಮೇಲೆ ಎಂಗೆ ಬಡೀಲಿ?" ಎಂದು ನನ್ನ ಅಮ್ಮನನ್ನು ಕೇಳಿದಳು.

ಮರುದಿನವೇ ಕಲ್ಲನ್ನು ಎತ್ತಿ ನಿಲ್ಲಿಸಿದರು. ಆಮೇಲೆ ದಿನಾ ಬೆಳಿಗ್ಗೆ ಅಜ್ಜಿ ಅವನ ಮುಖ ತೊಳೆಯುತ್ತಿದ್ದಳು, ಮಕ್ಕಳಿಗೆ ತೊಳೆಯುವ ಹಾಗೆ, ಕಿವಿಯ ಸಂದಿಗೂ ಬೆರಳು ಹಾಕಿ.

ವಾಪಸು ಬರುವಾಗ ಕಾರಿನಲ್ಲಿ ಮಗಳಿಗೆ ಇದನ್ನೆಲ್ಲ ಹೇಳಿದೆ.

"ಆ ಕಲ್ಲು ಈಗೆಲ್ಲಿದೆ ಅಮ್ಮಾ?" ಎಂದಳು.

ಬಾವಿ ಮುಚ್ಚಿ ಜಾಗವನ್ನು ಬಿಲ್ಡರ್‌ಗೆ ಕೊಟ್ಟಾಗ ಆ ಕಲ್ಲಿನ ಬಗ್ಗೆ ನಾವ್ಯಾರೂ ಒಂದು ಮಾತೂ ಆಡಿರಲಿಲ್ಲ. ಅಪಾರ್ಟ್‌ಮೆಂಟಿನ ಪಾಯದಡಿ ಅವನು ಮತ್ತೆ ಬೋರಲು ಬಿದ್ದಿರಬೇಕು.