ಉಳ್ಳಾಗಡ್ಡಿ ಹೊಲದ ಒಡ್ಡು

"ನನಗೆ ನೆನಪಿಲ್ಲ" ಎಂಬ ಮಾತನ್ನು ನಾನು ಮೊದಲ ಬಾರಿ ಯೋಚಿಸಿ ಹೇಳಿದ್ದು ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ, ಶ್ರೀಲಂಕೆಯ ಉತ್ತರದ ಒಂದು ಮುಚ್ಚಿದ ಶಾಲೆಯ ಕೋಣೆಯಲ್ಲಿ, ವಿಚಾರಣೆಗೆ ಕೂತ ಮೂವರು ಹಿರಿಯ ಅಧಿಕಾರಿಗಳ ಎದುರು. ಆಗ ನಾನು ಶಾಂತಿಪಾಲನೆಗೆಂದು ಅಲ್ಲಿಗೆ ಹೋಗಿದ್ದ ಭಾರತೀಯ ಸೈನ್ಯದ ಎಂಜಿನಿಯರ್ ದಳದಲ್ಲಿ ಲೆಫ್ಟಿನೆಂಟ್. ಆಮೇಲೆ ಸೈನ್ಯ ಬಿಟ್ಟೆ, ಮತ್ತೆ ವಿಶ್ವವಿದ್ಯಾಲಯ ಸೇರಿದೆ, ಮೂರು ಊರು ಬದಲಿಸಿ ಕೊನೆಗೆ ಸೊಲ್ಲಾಪುರದ ಕಾಲೇಜೊಂದರಲ್ಲಿ ಪಾಠ ಹೇಳಿದೆ. ನೆನಪನ್ನು ನಂಬಬೇಡಿ, ಅಳೆದು ನೋಡಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಅದನ್ನು ಅವರು ವಿವೇಕ ಎಂದುಕೊಂಡರು. ನಾನೂ ಹಾಗೇ ಎಂದುಕೊಂಡಿದ್ದೆ.

ಕಳೆದ ವರ್ಷ ಒಂದು ಫೋನ್ ಬಂತು. "ಸಾಹೇಬ್ರ, ನಾ ಮಂದ್ರೂಪದಾಂವ. ಕಾಲಿನಾಂವ. ಒಂದ ಸಲ ಬಂದು ಹೋಗ್ರಿ, ಕೆಲಸ ಅದ."

ಲಂಕೆಯಲ್ಲಿ ಅವನು ನನ್ನ ತುಕಡಿಯ ಜವಾನ. ಎಡಗಾಲಿನ ಪಾದ ಅಲ್ಲೇ ಹೋಯಿತು. ಮಂದ್ರೂಪಕ್ಕೆ ಸೊಲ್ಲಾಪುರದಿಂದ ಎಸ್.ಟಿ. ಬಸ್ಸಿನಲ್ಲಿ ಒಂದು ತಾಸೂ ಬೇಕಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಆ ಬಸ್ಸು ಹತ್ತಿರಲಿಲ್ಲ.

ಹೋದೆ. ತಗಡಿನ ಮಾಡು, ಎರಡು ಕೋಣೆ, ಗೋಡೆಯ ಮೇಲೆ ಬುದ್ಧನ ಚಿತ್ರ. ಕೃತಕ ಕಾಲನ್ನು ಬಿಚ್ಚಿ ಬಾಗಿಲ ಪಕ್ಕ ಚಪ್ಪಲಿಗಳ ಸಾಲಿನಲ್ಲೇ ಇಟ್ಟಿದ್ದ.

"ಕುಂದರ್ರಿ ಸಾಹೇಬ್ರ. ಕೂದಲೆಲ್ಲಾ ಹೋಗ್ಯಾವಲ್ರಿ."

"ನಿಂದೂ ಹೋಗ್ಯಾವ," ಎಂದೆ. ಅರವತ್ತು ದಾಟಿದವನನ್ನು ಅವನ ಮನೆಯಲ್ಲೇ ಕೂತು "ನೀನು" ಎನ್ನುತ್ತಿದ್ದೇನೆ ಎಂಬುದು ಚಹ ಬರುವವರೆಗೆ ಹೊಳೆಯಲಿಲ್ಲ.

ಚಹ ತಂದ ಅವನ ಹೆಂಡತಿ ಒಳಗೆ ಹೋಗದೆ ಅಲ್ಲೇ ನಿಂತಳು. "ಇವ್ರಿಗೆ ಊರಾಗ ಏನಂತಾರ ಗೊತ್ತದೇನ್ರಿ? ದಾರಿ ಬಿಟ್ಟಾಂವ. ಲಗ್ನದಾಗ ಪಂಕ್ತಿಗೆ ಕುಂತ್ರ, 'ದಾರಿ ಬಿಟ್ಟಾಂವಗ ಇನ್ನೊಂದು ಹೋಳಿಗಿ ಹಾಕ್ರಿ' ಅಂತಾರ."

"ಹೋಳಿಗಿ ಹಾಕ್ತಾರಲ್ಲ, ಅದ ನೋಡು," ಎಂದ ಅವನು.

"ನಿಮಗ ಹೋಳಿಗಿ ಸಿಕ್ಕರ ಆತು. ಕೇಳಿಸಿಕೊಂಡು ಮನಿಗಿ ಬರಾಕಿ ನಾನು."

ಸಂಗತಿ ಇಷ್ಟು. ಯುದ್ಧಕ್ಕೆ ಹೋಗಿ ಬಂದವರ ಹೆಸರು ಕೆತ್ತಿದ ಒಂದು ಕಲ್ಲನ್ನು ಊರ ಚಾವಡಿಯ ಮುಂದೆ ನಿಲ್ಲಿಸುವುದೆಂದು ಪಂಚಾಯಿತಿ ತೀರ್ಮಾನಿಸಿತ್ತು. ಇವನ ಹೆಸರು ಬಂದಾಗ ಊರಿನ ಇನ್ನೊಬ್ಬ ನಿವೃತ್ತ ಸೈನಿಕ ತಕರಾರು ತೆಗೆದ. ಸೈನ್ಯದಿಂದ ಇವನ ಬಿಡುಗಡೆಯ ಕಾಗದದಲ್ಲಿ, ಯಾರ ಆಜ್ಞೆಯೂ ಇಲ್ಲದೆ ಗುರುತಿನ ದಾರಿ ಬಿಟ್ಟು ಹೋಗಿ ಗಾಯಗೊಂಡವನು ಎಂದು ಬರೆದಿದೆ. ಶಿಸ್ತು ಮುರಿದವನ ಹೆಸರು ಕಲ್ಲಿನ ಮೇಲೆ ಯಾಕೆ?

"ನೀವು ಒಂದ ಕಾಗದ ಬರದು ಕೊಡ್ರಿ," ಎಂದ. "ಆಜ್ಞಾ ಇತ್ತು ಅಂತ. ಅಷ್ಟ."

ಆ ಬೆಳಿಗ್ಗೆ ನನಗೆ ಹೀಗೆ ನೆನಪಿತ್ತು. ಒಂದು ಸಣ್ಣ ಸೇತುವೆ ಒಡೆದಿತ್ತು. ಅದನ್ನು ತಲುಪಲು ಉಳ್ಳಾಗಡ್ಡಿ ಹೊಲವೊಂದನ್ನು ದಾಟಬೇಕು. ನಸುಕಿನಿಂದ ನಮ್ಮವರು ನೆಲವನ್ನು ಗೇಣುಗೇಣಾಗಿ ಚುಚ್ಚಿ ನೋಡಿ, ಬೆಳೆಯ ನಡುವೆಯೇ ನೆಲಬಾಂಬು ಇಲ್ಲದ ಒಂದು ದಾರಿ ಮಾಡಿ, ಎರಡೂ ಬದಿಗೆ ಬಿಳಿ ಪಟ್ಟಿ ಎಳೆದಿದ್ದರು. ಇವನು ಹೆಗಲ ಮೇಲೆ ಹಲಗೆ ಹೊತ್ತು ಬಂದ. ಕೊಯ್ಲಿಗೆ ಬಂದ ಗಡ್ಡೆಗಳು ಬೂಟಿನ ಕೆಳಗೆ ಒಡೆಯುತ್ತಿದ್ದವು. "ಬೆಳಿ ಹಾಳಾಗ್ತದ್ರಿ ಸಾಹೇಬ್ರ," ಎಂದು ಅವನೇ ಅಂದು, ಪಟ್ಟಿ ದಾಟಿ ಹೊಲದಂಚಿನ ಒಡ್ಡು ಹತ್ತಿದ. ನಾಲ್ಕನೆಯ ಹೆಜ್ಜೆಗೆ ಸ್ಫೋಟವಾಯಿತು.

ಬಾಂಬು ಹೂಳುವವನು ಮೊದಲು ಒಡ್ಡನ್ನೇ ಆರಿಸುತ್ತಾನೆ, ಯಾಕೆಂದರೆ ಜನ ನಡೆಯುವುದು ಅಲ್ಲಿ. ತರಬೇತಿಯ ಮೊದಲ ವಾರವೇ ಇದನ್ನು ನಮಗೆ ಕಲಿಸಿದ್ದರು.

ಎಷ್ಟೋ ವರ್ಷ ಹೆಂಡತಿಗೆ, ಗೆಳೆಯರಿಗೆ ಈ ಕಥೆಯನ್ನು ಹೀಗೇ ಹೇಳಿದ್ದೆ. ಬೆಳೆಯ ಮೇಲೆ ಕರುಣೆ ತೋರಿ ಕಾಲು ಕಳೆದುಕೊಂಡ ರೈತನ ಮಗ ಎಂದಾಗ ಕೇಳಿದವರ ಕಣ್ಣು ಒದ್ದೆಯಾಗುತ್ತಿತ್ತು.

ಅವನ ಮುಂದೆಯೂ ಅದನ್ನೇ ಹೇಳಿದೆ, ಸ್ವಲ್ಪ ಅನುಮಾನದ ಬಣ್ಣ ಬಳಿದು. "ಇಷ್ಟ ವರ್ಷಾದ ಮ್ಯಾಲ ನೆನಪಿನ ಮ್ಯಾಲ ಭರವಸ ಇಡಾಕ ಬರೂದಿಲ್ಲ. ಆದ್ರ ಬೆಳಿ ಹಾಳಾಗ್ತದ ಅಂತ ನೀನ ಅಂದಂಗ ನನಗ..."

ಅವನು ಚಹದ ಬಸಿ ಕೆಳಗಿಟ್ಟ. "ಸಾಹೇಬ್ರ, ನಮ್ಮಪ್ಪಗ ಹೊಲಾನ ಇರಲಿಲ್ಲ. ಮಂದಿ ಹೊಲದಾಗ ಕೂಲಿ ಮಾಡಾಂವ. ಯಾರದೋ ದೇಶ, ಯಾರದೋ ಉಳ್ಳಾಗಡ್ಡಿ, ನನಗ್ಯಾಕ ಅದರ ಚಿಂತಿ? ನನ್ನ ಚಿಂತಿ ಹಲಗಿದಿತ್ತು. ನೀವಂದ್ರಿ, 'ಬೆಳಿ ತುಳೀಬ್ಯಾಡಲೇ, ಒಡ್ಡಿನ ಮ್ಯಾಲ ಹೋಗು.' ಕನ್ನಡದಾಗ ಅಂದ್ರಿ. ಉಳಿದಾವ್ರೆಲ್ಲ ಹಿಂದಿ ಮಂದಿ, ಯಾರಿಗೂ ತಿಳೀಲಿಲ್ಲ."

ಬಯ್ಯುವ ದನಿಯೇನೂ ಇರಲಿಲ್ಲ. ವರದಿ ಒಪ್ಪಿಸಿದ ಹಾಗಿತ್ತು.

"ಆಗ ಯಾಕ ಹೇಳಲಿಲ್ಲ?"

"ಹೇಳಿದ್ನಲ್ರಿ, ದವಾಖಾನ್ಯಾಗ. ವಿಚಾರಣ್ಯಾಗ ಸಾಹೇಬ್ರು ನೆನಪಿಲ್ಲ ಅಂತ ಹೇಳ್ಯಾರ ಅಂದ್ರು. ಸಾಹೇಬ್ರಿಗೇ ನೆನಪಿಲ್ಲಂದ್ರ ಮುಗೀತು."

ವಿಚಾರ ಮಾಡಿ ಹೇಳುತ್ತೇನೆ ಎಂದು ಎದ್ದೆ. ಅವನ ಹೆಂಡತಿ ಬಾಗಿಲ ತನಕ ಬಂದು, "ವಿಚಾರ ಮಾಡ್ರಿ. ಕಲ್ಲು ಇನ್ನೂ ಕೆತ್ತಾಕತ್ತಾರ," ಎಂದಳು.

ಬಸ್ಸಿನಲ್ಲಿ ಕೂತು ನನ್ನ ಪರವಾಗಿ ವಾದಿಸಿದೆ. ಅವನ ನೆನಪೂ ನನ್ನದರಷ್ಟೇ ಹಳೆಯದು. ಅವನಿಗೆ ಲಾಭವಿದೆ. ಹೀಗೆಲ್ಲ. ಆದರೆ ಆ "ಲೇ" ಕಿವಿಯಿಂದ ಹೋಗಲಿಲ್ಲ. ಮನೆ ಸೇರಿದವನೇ ಅಕ್ಕಲಕೋಟೆಯ ಹತ್ತಿರ ನಮ್ಮ ಹೊಲ ನೋಡಿಕೊಳ್ಳುವ ಅಣ್ಣನಿಗೆ ಫೋನ್ ಮಾಡಿದೆ. ಕಾರಣ ಹೇಳಲಿಲ್ಲ.

"ಅಣ್ಣಾ, ಆಳುಮಂದಿ ಬೆಳಿ ಮ್ಯಾಲ ಕಾಲಿಟ್ರ ಅಪ್ಪ ಏನಂತಿದ್ದ?"

"ಯಾಕೋ, ಈ ವಯಸ್ಸಿನಾಗ ಒಕ್ಕಲುತನ ಮಾಡಾಂವ ಇದ್ದೀಯೇನು?" ಅಣ್ಣ ನಕ್ಕ. ಆಮೇಲೆ ಗಂಟಲು ಸರಿಮಾಡಿಕೊಂಡು ಅಪ್ಪನ ದನಿಯಲ್ಲೇ ಹೇಳಿದ: "ಬೆಳಿ ತುಳೀಬ್ಯಾಡಲೇ, ಒಡ್ಡಿನ ಮ್ಯಾಲ ಹೋಗು. ನಾಕು ಹೊಲಕ್ಕ ಕೇಳೂಹಂಗ ಒದರತಿದ್ದ. ನಾನೂ ಹಂಗ ಅಂತೀನಿ. ನೀನೂ ಏನ ಕಡಿಮಿ ಇದ್ದಿಲ್ಲ, ಸೂಟಿಗಿ ಬಂದಾಗ."

ಅಳೆದು ನೋಡಿ ಎನ್ನುತ್ತಿದ್ದವನಿಗೆ ಅಳತೆ ಸಿಕ್ಕಿತ್ತು. ಮಂದ್ರೂಪದ ಕೂಲಿಯವನ ಮಗನಿಗೂ ನನ್ನ ಅಣ್ಣನಿಗೂ ಪರಿಚಯವೇ ಇಲ್ಲ. ಇಬ್ಬರ ಬಾಯಲ್ಲೂ ಅದೇ ಮಾತು, ಅಕ್ಷರ ಆಚೀಚೆ ಇಲ್ಲ. ಎರಡು ವರ್ಷ ಕಲಿತ ಎಂಜಿನಿಯರ್ ವಿದ್ಯೆ ಆ ಗಳಿಗೆಯಲ್ಲಿ ನನ್ನ ಬಾಯಿಗೆ ಬರಲಿಲ್ಲ, ಹೊಲದ ಒಡೆಯನ ಮಗನ ರೂಢಿ ಬಂತು. ಅದು ತಪ್ಪು. ತಪ್ಪನ್ನು ಯಾರಾದರೂ ಕ್ಷಮಿಸಿಯಾರು. ನಾಚಿಕೆ ಬೇರೆ ಕಡೆ ಇದೆ. ಆ ಶಾಲೆಯ ಕೋಣೆಯಲ್ಲಿ ನನಗೆ ನೆನಪಿತ್ತು. ನೆನಪಿಲ್ಲ ಎಂದ ಮೇಲೆ, ನಿಜವಾಗಿಯೂ ಮರೆಯುವಷ್ಟು ಕಾಲ ಆ ಮಾತನ್ನು ಕಾಪಾಡಿಕೊಂಡೆ. ಕೊನೆಗೆ ನನ್ನ ಮಾತನ್ನು ಎತ್ತಿ ಅವನ ಬಾಯಿಗೇ ಇಟ್ಟೆ.

ಪಂಚಾಯಿತಿಗೆ ಬೇಕಾದ್ದರಿಂದ ಕಾಗದವನ್ನು ಮರಾಠಿಯಲ್ಲಿ ಬರೆದೆ. ಮೊದಲ ಪ್ರತಿ "ನನ್ನ ನೆನಪಿನ ಪ್ರಕಾರ" ಎಂದು ಶುರುವಾಗಿತ್ತು. ಹರಿದೆ. ಎರಡನೆಯದರಲ್ಲಿ ಅಂದಿನ ಪರಿಸ್ಥಿತಿ, ನನ್ನ ವಯಸ್ಸು, ನಿದ್ದೆಯಿಲ್ಲದ ದಿನಗಳು ಎಲ್ಲ ಬಂದು ಎರಡು ಪುಟವಾಯಿತು. ಅದನ್ನೇ ಮಡಚಿಕೊಂಡು ಮಂದ್ರೂಪಕ್ಕೆ ಹೋದೆ. ಕೊಟ್ಟು, ಅದೇ ಬಸ್ಸು ತಿರುಗಿ ಬರುವಾಗ ಹತ್ತುವುದೆಂದು ಲೆಕ್ಕ ಹಾಕಿದ್ದೆ.

ಅವನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದ. "ಭಾಳ ಬರದೀರಿ ಸಾಹೇಬ್ರ. ಇದರಾಗ ನನ್ನ ಕೆಲಸದ್ದು ಒಂದ ಸಾಲು ಅದ."

"ಅದ ಸಾಲು ಇಟ್ಟು ಮತ್ತ ಬರದು ಕೊಡ್ತೀನ್ರಿ," ಎಂದೆ. "ರಿ" ತಾನಾಗಿ ಬಂತು. ಅವನು ಗಮನಿಸಿದನೋ ಇಲ್ಲವೋ.

"ಕಾಗದ ಬ್ಯಾಡ್ರಿ. ಕಾಗದಕ್ಕ ಮತ್ತ ಯಾರರೆ ತಕರಾರು ತಗೀತಾರ. ಸಂಜಿಮುಂದ ಚಾವಡ್ಯಾಗ ಎಲ್ಲಾರೂ ಕೂಡ್ತಾರ. ನೀವ ನಿಂತು ಹೇಳ್ರಿ."

"ನನ್ನ ಬಸ್..."

"ಇನ್ನೊಂದು ಬಸ್ ಅದ." ಅವನು ಕೃತಕ ಕಾಲನ್ನು ಹತ್ತಿರ ಎಳೆದುಕೊಂಡು ಅದರ ಪಟ್ಟಿ ಬಿಗಿಯತೊಡಗಿದ. ಹೆಂಡತಿ ಒಳಗಿನಿಂದ ಇಸ್ತ್ರಿ ಮಾಡಿದ ಅಂಗಿ ತಂದು ಕೊಟ್ಟಳು. ಆ ಅಂಗಿ ಮೊದಲೇ ಸಿದ್ಧವಾಗಿತ್ತು.

ಚಾವಡಿಯಲ್ಲಿ ಇಪ್ಪತ್ತು ಮೂವತ್ತು ಜನರಿದ್ದರು. ತಕರಾರು ತೆಗೆದವನೂ ಇದ್ದ. "ಬಂದಾನ್ರೆಪಾ ದಾರಿ ಬಿಟ್ಟಾಂವ," ಎಂದು ಯಾರೋ ಅಂದರು, ನಾಲ್ಕು ಜನ ನಕ್ಕರು. ಅವನು ಎಲ್ಲರಿಗೂ ನಮಸ್ಕಾರ ಹೇಳಿ ಕಂಬದ ಹತ್ತಿರ ಕೂತು ನನ್ನ ಕಡೆ ನೋಡಿದ. ನಾನು ಎದ್ದು ನಿಂತೆ. ಜೇಬಿನ ಕಾಗದ ತೆಗೆಯಲಿಲ್ಲ.

"ಇವರು ದಾರಿ ಬಿಡಲಿಲ್ಲ," ಎಂದೆ. "ನಾನು ಬಿಡಿಸಿದೆ. ಕೇಳಿದಾಗ ನೆನಪಿಲ್ಲ ಅಂದೆ. ನೆನಪಿತ್ತು."