ಮೆಟ್ಟಿಲಲ್ಲಿ ಆಡುವ ಕೈಗಳು

ಇದನ್ನು ಬರೆಯಲು ಮೂರು ದಿನ ತಡೆದೆ. ಡೈರಿಗೂ ಮುಖ ತೋರಿಸಲು ನಾಚಿಕೆ.

ಕೆಳಮನೆಯ ಹೊಲಿಗೆ ಅಕ್ಕ ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡೇ ಹುಟ್ಟಿದವರಂತೆ ಇರುತ್ತಾರೆ. ನನ್ನ ಮಗಳ ಮೊದಲ ಅಂಗಿ ಅವರು ಹೊಲಿದದ್ದು. ನನ್ನನ್ನು ಕರೆಯುವುದೂ ‘ಪುಟ್ಟಿ’ ಎಂದೇ. ನಮ್ಮ ಮನೆಗೆ ವೇಗದ ಇಂಟರ್ನೆಟ್ ಬಂದಾಗ ನನ್ನ ಗಂಡ ಅವರಿಗೂ ಪಾಸ್‌ವರ್ಡ್ ಕೊಟ್ಟಿದ್ದರು. ಅವರ ಹಿಂಬದಿಯ ಕೋಣೆಗೆ ಇನ್ನೂ ಲೈನು ಎಳೆದಿರಲಿಲ್ಲ. ಅಂದಿನಿಂದ ಮಧ್ಯಾಹ್ನವಾದರೆ ಸಾಕು, ನಮ್ಮ ಬಾಗಿಲ ಮುಂದಿನ ಮೆಟ್ಟಿಲಲ್ಲಿ ಕೂತು, ಫೋನನ್ನು ಗೋಡೆಗೆ ಒರಗಿಸಿ, ಕೈ ಕುಣಿಸುತ್ತಿದ್ದರು, ಹುಬ್ಬು ಹಾರಿಸುತ್ತಿದ್ದರು.

“ಈ ವಯಸ್ಸಲ್ಲಿ ರೀಲ್ಸ್ ಹುಚ್ಚು ನೋಡ್ರೀ,” ಎಂದೆ.

“ಕುಣೀಲಿ ಬಿಡೇ, ನಿನ್ನ ಗಂಟೇನು ಹೋಯ್ತು?” ಎಂದರು ಗಂಡ.

ಮಗಳನ್ನು ಮಲಗಿಸುವಾಗ ಹಾಡಿನ ವಿಡಿಯೊ ಎರಡು ಸಲ ನಿಂತಿತು. ಅಕ್ಕನ ರೀಲ್ಸ್ ದೆಸೆಯಿಂದಲೇ ಎಂದು ಕೋಪ ನೆತ್ತಿಗೇರಿ ಪಾಸ್‌ವರ್ಡ್ ಬದಲಿಸಿದೆ. ಹೊಸದು, ಇಂಗ್ಲಿಷ್ ಅಕ್ಷರಗಳಲ್ಲಿ: ‘ಬಿಟ್ಟಿಬೇಡ’.

ಮರುದಿನ ಬಾಗಿಲು ದಬದಬ. ಅಕ್ಕ ಏದುಸಿರು ಬಿಡುತ್ತಿದ್ದರು.

“ಪುಟ್ಟಿ, ನೆಟ್ ಬರ್ತಿಲ್ಲ ಕಣೇ! ಆಸ್ಪತ್ರೇಲಿ ಒಬ್ಳು ಹುಡುಗಿ, ಕಿವಿ ಕೇಳಲ್ಲ, ಮಾತೂ ಬರಲ್ಲ, ಹೆರಿಗೆ ನೋವು. ಡಾಕ್ಟ್ರು ಹೇಳೋದು ಅವಳಿಗೆ, ಅವಳು ಹೇಳೋದು ಡಾಕ್ಟ್ರಿಗೆ, ನಾನೇ ವಿಡಿಯೊದಲ್ಲಿ ಕೈಸನ್ನೆ ಮಾಡಿ ತಿಳಿಸ್ಬೇಕು.”

“ನೀವಾ?”

“ನಮ್ಮಪ್ಪ ಅಮ್ಮ ಇಬ್ರಿಗೂ ಕಿವಿ ಕೇಳ್ತಿರ್ಲಿಲ್ಲ. ನಂಗೆ ನಾಲಿಗೆಗಿಂತ ಮುಂಚೆ ಕೈ ತಿರುಗ್ತು. ಈಗ ಯಾವ್ಯಾವ ಊರಿಂದ್ಲೋ ಕರೀತಾರೆ. ನನ್ನ ಫೋನಿನ ನೆಟ್ಟಲ್ಲಿ ಕೈ ಅರ್ಧಕ್ಕೇ ನಿಂತ್ಬಿಡುತ್ತೆ. ಕೈ ನಿಂತ್ರೆ ಮಾತೇ ನಿಂತ ಹಾಗೆ.”

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. “ಫೋನ್ ಕೊಡಿ ಅಕ್ಕ, ನಾನೇ ಹಾಕ್ತೀನಿ,” ಎಂದು ಕೈ ಚಾಚಿದರೆ ಕಂಕುಳಲ್ಲಿದ್ದ ಮಗಳು ಜಾರಿದಳು.

“ಮಗು ಹಿಡ್ಕೊ ಮೊದ್ಲು! ನೀನು ಹೇಳು, ನಾನು ಒತ್ತೀನಿ.”

ಹೇಳಲೇಬೇಕಾಯಿತು.

ಅವರ ಬೆರಳು ಒಂದು ಕ್ಷಣ ನಿಂತಿತು. ತಲೆ ಎತ್ತದೆ ಕೇಳಿದರು, “‘ಟಿ’ ಎರಡಾ?”

“ಎರಡು, ಅಕ್ಕ.”

ಪರದೆಯ ಮೇಲೆ ಬೆವೆತ ಮುಖವೊಂದು ಮೂಡಿತು. ಅಕ್ಕನ ಕೈ ಆಡಿತು. ಅತ್ತಲಿಂದ ಎರಡು ಕೈಗಳು ಉತ್ತರ ಕೊಟ್ಟವು.

ಬಹಳ ಹೊತ್ತಿನ ಮೇಲೆ, ಕೆಳಗಿಳಿಯುತ್ತಾ ಅಕ್ಕ ಅಂದರು, “ಹೆಣ್ಣು ಮಗು. ಇಬ್ರೂ ಚೆನ್ನಾಗಿದ್ದಾರೆ.” ಅಷ್ಟೆ. ಪುಟ್ಟಿ ಅನ್ನಲಿಲ್ಲ.

ಪಾಸ್‌ವರ್ಡ್ ಇನ್ನೂ ಅದೇ ಇದೆ. ಬದಲಿಸಿದರೆ ಹೊಸದನ್ನು ಹೇಳಲು ಅವರ ಮುಖ ನೋಡಬೇಕು. ದಿನವೂ ಮೆಟ್ಟಿಲ ಬಳಿ ಒಂದು ಕುರ್ಚಿ ಇಡುತ್ತೇನೆ. ಅದನ್ನು ಪಕ್ಕಕ್ಕೆ ಸರಿಸಿ ಅಕ್ಕ ಮೆಟ್ಟಿಲಲ್ಲೇ ಕೂರುತ್ತಾರೆ.